ಗಣಕಯಂತ್ರದ ವೇಗ: ಸಂಸ್ಕಾರಕದಿಂದಲೋ, ಸ್ಮೃತಿಯಿಂದಲೋ?

ಊರು ಬಿಟ್ಟು ಚೆನ್ನೈ ಸೇರಿದ ನಮ್ಮ ಕುಟುಂಬಗಳಲ್ಲಿ ಗಣಕಯಂತ್ರವು ಮಕ್ಕಳ ವಿದ್ಯಾಭ್ಯಾಸಕ್ಕೆ ಅವಶ್ಯ ಸಾಧನವಾಗಿದೆ. ಅದು ನಿಧಾನವಾದೊಡನೆ ಹೊಸದನ್ನು ಕೊಳ್ಳುವ ಮಾತು ಏಳುತ್ತದೆ. ಸಾವಿರಾರು ರೂಪಾಯಿ ವ್ಯಯಿಸುವ ಮೊದಲು ನಿಧಾನಕ್ಕೆ ಕಾರಣವೇನೆಂದು ತಿಳಿಯುವುದು ಉಚಿತ.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಅಂಗವೇ ಸಂಸ್ಕಾರಕ, ಅಂದರೆ ಪ್ರೊಸೆಸರ್. ಸದ್ಯದ ಕೆಲಸಕ್ಕೆ ಬೇಕಾದ ವಿವರಗಳನ್ನು ಕೈಗೆಟಕುವಂತೆ ಇರಿಸಿಕೊಳ್ಳುವ ಅಂಗ ಸ್ಮೃತಿ, ಅಂದರೆ ರ್‍ಯಾಮ್. ವಿದ್ಯುತ್ತು ನಿಂತರೂ ಉಳಿಯಬೇಕಾದುದು ಡಿಸ್ಕಿನಲ್ಲಿರುತ್ತದೆ.

ಇವುಗಳ ಸಂಬಂಧವನ್ನು ಮಣಲಿಯ ನಿವಾಸಿಗಳು ಸುಲಭವಾಗಿ ಗ್ರಹಿಸಬಹುದು. ಇಲ್ಲಿನ ತೈಲ ಶುದ್ಧೀಕರಣಾಗಾರವು 1969ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾಗಿ, ಮುಂದೆ 105 ಲಕ್ಷ ಟನ್ನಿಗೆ ಬೆಳೆಯಿತು. ಆದರೆ ಬಂದರಿನಿಂದ ಕಚ್ಚಾತೈಲ ತರುವ ಕೊಳವೆ ಕಿರಿದಾಗಿದ್ದರೆ ಇಷ್ಟು ಸಾಮರ್ಥ್ಯದಿಂದ ಫಲವೇನು? ವಿವರಗಳು ಸಕಾಲಕ್ಕೆ ಒದಗದಿದ್ದರೆ ಸಂಸ್ಕಾರಕವೂ ಹಾಗೆಯೇ ಸುಮ್ಮನೆ ಕಾಯಬೇಕಾಗುತ್ತದೆ.

ಈ ಕಾಯುವಿಕೆಯ ಪ್ರಮಾಣ ಅಚ್ಚರಿಯದು. 3 ಗಿಗಾಹರ್ಟ್ಸ್ ಸಂಸ್ಕಾರಕವು ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಅದರ ಒಂದು ಮಿಡಿತವನ್ನು ಒಂದು ಸೆಕೆಂಡೆಂದು ಭಾವಿಸಿದರೆ, ಸ್ಮೃತಿಯಿಂದ ಒಂದು ವಿವರ ಬರಲು ಸುಮಾರು 5 ನಿಮಿಷ ಹಿಡಿಯುತ್ತದೆ. ಎಸ್‌ಎಸ್‌ಡಿಯಿಂದ ಬರಲು ಮೂರು ನಾಲ್ಕು ದಿನ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಿಂದ ಬರಲು ಹೆಚ್ಚುಕಡಿಮೆ ಒಂದು ವರ್ಷ!

ಈ ತೊಡಕು ಹೊಸದಲ್ಲ. ಮದರಾಸು ಐಐಟಿಯಲ್ಲಿ 1973ರಲ್ಲಿ ಸ್ಥಾಪಿತವಾದ ಐಬಿಎಂ 370/155 ಯಂತ್ರದಲ್ಲಿಯೂ ಮುಖ್ಯ ಸ್ಮೃತಿಯು ಸಂಸ್ಕಾರಕಕ್ಕಿಂತ ಬಹಳ ನಿಧಾನವಾಗಿತ್ತು. ಆದುದರಿಂದ ನಡುವೆ 8 ಕಿಲೋಬೈಟಿನ ಚಿಕ್ಕ, ಚುರುಕಾದ ಸ್ಮೃತಿಯೊಂದನ್ನು ಇರಿಸಿದ್ದರು. ಇಂದಿನ ಸಂಸ್ಕಾರಕಗಳೊಳಗಿನ ಕ್ಯಾಶ್ ಮಾಡುವುದೂ ಇದೇ ಕೆಲಸವನ್ನು.

ಒಮ್ಮೆಗೇ ಹಲವು ಕಾರ್ಯಕ್ರಮಗಳನ್ನು ತೆರೆದಾಗ ಸ್ಮೃತಿ ತುಂಬಿಹೋಗುತ್ತದೆ. ಆಗ ಯಂತ್ರವು ಕೆಲವು ವಿವರಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಮನೆಯ ಯಂತ್ರ ತೆವಳುವುದಕ್ಕೆ ಬಹುಮಟ್ಟಿಗೆ ಈ ಓಡಾಟವೇ ಕಾರಣ.

ಆದುದರಿಂದ ವಾಚಕರು ಈ ಕ್ರಮವನ್ನು ಅನುಸರಿಸಬಹುದು:

1. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿರಿ.

2. ಸ್ಮೃತಿಯು ಸದಾ 90 ಪ್ರತಿಶತಕ್ಕೆ ಮೇಲ್ಪಟ್ಟು ತುಂಬಿದ್ದರೆ ರ್‍ಯಾಮ್ ಹೆಚ್ಚಿಸಿರಿ. ಅಷ್ಟು ತುಂಬದಿದ್ದರೆ ಹೆಚ್ಚಿಸಿಯೂ ಪ್ರಯೋಜನವಿಲ್ಲ.

3. ಡಿಸ್ಕು 100 ಪ್ರತಿಶತ ದುಡಿಯುತ್ತಿದ್ದು, ಅದು ಹಳೆಯ ಬಗೆಯದಾಗಿದ್ದರೆ ಎಸ್‌ಎಸ್‌ಡಿ ಹಾಕಿಸಿರಿ.

4. ಇವೆರಡೂ ಬಿಡುವಾಗಿದ್ದು ಸಂಸ್ಕಾರಕವೊಂದೇ ದಣಿಯುತ್ತಿದ್ದರೆ, ಮೊದಲು ಫ್ಯಾನಿನ ಧೂಳು ತೆಗೆಸಿರಿ. ಅತಿಯಾಗಿ ಕಾದ ಸಂಸ್ಕಾರಕ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಚೆನ್ನೈನ ಸೆಖೆಯಲ್ಲಿ ಇದು ಅಪರೂಪವಲ್ಲ. ಆ ಬಳಿಕವೂ ಗುಣ ಕಾಣದಿದ್ದರೆ ಮಾತ್ರ ಹೊಸ ಯಂತ್ರದ ಯೋಚನೆ ಮಾಡಿರಿ.

ರಿಚ್ಚಿ ಸ್ಟ್ರೀಟಿನ ಅಂಗಡಿಗಳಿಗೆ ಹೋಗುವಾಗ ಯಂತ್ರದ ಮಾದರಿಯನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಎಲ್ಲ ಬಗೆಯ ರ್‍ಯಾಮ್ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹೆಚ್ಚಿಸಲೂ ಆಗದು. ರೋಗವನ್ನರಿತು ಮದ್ದು ಕೊಡುವುದು ವೈದ್ಯನ ಧರ್ಮ. ಯಂತ್ರದ ವಿಷಯದಲ್ಲಿಯೂ ಅದನ್ನೇ ಪಾಲಿಸಿದರೆ ಹಣ ಉಳಿಯುವುದು, ಮಕ್ಕಳ ಓದೂ ಸಾಗುವುದು.