ಚಂಡಮಾರುತದ ಹಾದಿ: ಅಳತೆ ಮತ್ತು ಊಹೆ

ಬಂಗಾಳ ಕೊಲ್ಲಿಯಲ್ಲಾಗಲಿ ಅರಬ್ಬೀ ಸಮುದ್ರದಲ್ಲಾಗಲಿ ವಾಯುಭಾರ ಕುಸಿತ ಉಂಟಾಗಿದೆಯೆಂಬ ಸುದ್ದಿ ಬಂದೊಡನೆ ಕರಾವಳಿಯ ನಗರಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಅದು ಎಲ್ಲಿಗೆ ಬರುತ್ತದೆ? ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಆತಂಕ ಹೊಸದಲ್ಲ.

ಸುತ್ತುವ ಬಿರುಗಾಳಿಗೆ ‘ಸೈಕ್ಲೋನ್’ ಎಂಬ ಹೆಸರನ್ನು ಬಳಕೆಗೆ ತಂದವನು 19ನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಅವನಿಗಿದ್ದ ಮುಖ್ಯ ಆಧಾರ ಹಡಗುಗಳ ದಿನಚರಿ. ಗಾಳಿ ಹಾದುಹೋದ ಬಳಿಕವೇ ಅದರ ಹಾದಿ ತಿಳಿಯುತ್ತಿತ್ತು. 1864ರಲ್ಲಿ ಕಲ್ಕತ್ತೆಯನ್ನು ಧ್ವಂಸಗೊಳಿಸಿದ ಚಂಡಮಾರುತವು 1875ರಲ್ಲಿ ಭಾರತ ಹವಾಮಾನ ಇಲಾಖೆಯ ಸ್ಥಾಪನೆಗೆ ಒಂದು ಪ್ರೇರಣೆಯಾಯಿತು. ಇಂದು ಇನ್ಸಾಟ್ ಉಪಗ್ರಹಗಳು ಮೋಡಗಳ ಸುರುಳಿಯನ್ನು ಸತತವಾಗಿ ಚಿತ್ರಿಸುತ್ತವೆ. ದಡ ಸಮೀಪಿಸಿದಾಗ ಡಾಪ್ಲರ್ ರೇಡಾರ್ ನೆರವಿಗೆ ಬರುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನಿನ ಒಡಲೊಳಗೇ ವಿಮಾನ ಹಾರಿಸಿ ಅಳೆಯುವ ಪದ್ಧತಿಯುಂಟು. ನಮ್ಮ ಕಡಲುಗಳಲ್ಲಿ ಗಾಳಿಯ ವೇಗವನ್ನು ಬಹುಮಟ್ಟಿಗೆ ಮೋಡಗಳ ಆಕಾರದಿಂದಲೇ ಅಂದಾಜು ಮಾಡಬೇಕಾಗುತ್ತದೆ. ವೇಗವು ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಅದು ಚಂಡಮಾರುತವೆನಿಸಿ ಹೆಸರು ಪಡೆಯುತ್ತದೆ. ಭಾರತವು ಮೂರು ನಿಮಿಷಗಳ ಸರಾಸರಿಯನ್ನೂ ಅಮೆರಿಕವು ಒಂದು ನಿಮಿಷದ ಸರಾಸರಿಯನ್ನೂ ಲೆಕ್ಕಹಿಡಿಯುವುದರಿಂದ ಒಂದೇ ಚಂಡಮಾರುತಕ್ಕೆ ಎರಡು ಅಂಕಿಗಳು ಕಾಣಿಸಿಕೊಳ್ಳುವುದುಂಟು.

ಚಂಡಮಾರುತವು ತನ್ನ ಇಚ್ಛೆಯಂತೆ ಚಲಿಸುವುದಿಲ್ಲ. ಹೊಳೆಯ ಸೆಳವು ಸುಳಿಯನ್ನು ಒಯ್ಯುವಂತೆ ಸುತ್ತಲಿನ ವಿಶಾಲ ವಾಯುಪ್ರವಾಹವು ಅದನ್ನು ಒಯ್ಯುತ್ತದೆ. ಆ ಪ್ರವಾಹ ದುರ್ಬಲವಾಗಿದ್ದರೆ ಅದು ನಿಂತಲ್ಲೇ ನಿಲ್ಲಬಹುದು, ದಿಕ್ಕು ಬದಲಿಸಬಹುದು. ಈ ಕಾರಣದಿಂದಲೇ 2009ರಿಂದ ಇಲಾಖೆಯ ನಕ್ಷೆಗಳಲ್ಲಿ ಹಾದಿಯ ಗೆರೆಯೊಂದಿಗೆ ಮುಂದೆ ಮುಂದೆ ಅಗಲವಾಗುವ ಶಂಕುವಿನಾಕಾರವನ್ನು ತೋರಿಸಲಾಗುತ್ತಿದೆ. ಗಾಳಿ ಬೆಳೆಯುತ್ತಿದೆಯೆಂದು ಇದರ ಅರ್ಥವಲ್ಲ. ಅನಿಶ್ಚಿತತೆ ಬೆಳೆಯುತ್ತಿದೆಯೆಂದು ಅರ್ಥ. ಕೇಂದ್ರವು ಈ ಶಂಕುವಿನೊಳಗೆ ಎಲ್ಲಿ ಬೇಕಾದರೂ ಸಾಗಬಹುದು. 2020ರ ಜೂನ್ 3ರಂದು ‘ನಿಸರ್ಗ’ವು ಮುಂಬಯಿಯ ದಕ್ಷಿಣಕ್ಕೆ ಅಲಿಬಾಗಿನ ಬಳಿ ದಡ ಸೇರಿತು, ನಗರ ಬಹುಪಾಲು ಪಾರಾಯಿತೆಂದು ಮುನ್ಸೂಚನೆಯೇ ಸುಳ್ಳಾಯಿತೆನ್ನಲಾಗದು, ರಾಯಗಡ ಜಿಲ್ಲೆ ಅದರ ಪೂರ್ಣ ಪೆಟ್ಟನ್ನು ತಿಂದಿತು. ಅಂತೆಯೇ ಕೇಂದ್ರ ತಮ್ಮೂರಿಗೆ ಬರದೆಂದು ನಿಶ್ಚಿಂತರಾಗುವುದೂ ಸಲ್ಲದು. 2023ರ ಡಿಸೆಂಬರ್ 5ರಂದು ‘ಮಿಚೌಂಗ್’ ದಡ ಮುಟ್ಟಿದ್ದು ಆಂಧ್ರದ ಬಾಪಟ್ಲದ ಬಳಿ. ಅದಕ್ಕೆ ಮುನ್ನವೇ ಅದರ ಮಳೆಯಿಂದ ಚೆನ್ನೈ ಜಲಾವೃತವಾಗಿತ್ತು.

2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಒಡಿಶಾದತ್ತ ಸಾಗುತ್ತಿದ್ದಾಗ ಕೆಲವು ವಿದೇಶಿ ತಜ್ಞರು ಅದು 1999ರ ಸೂಪರ್ ಸೈಕ್ಲೋನಿಗೆ ಸಮವೆಂದು ಊಹಿಸಿದರು. ಇಲಾಖೆ ಅದಕ್ಕಿಂತ ಕೆಳಗಿನ ವರ್ಗದಲ್ಲೇ ಅದನ್ನು ಇರಿಸಿತು; ಕೊನೆಗೆ ಇಲಾಖೆಯ ಅಂದಾಜೇ ಸತ್ಯಕ್ಕೆ ಹತ್ತಿರವಾಯಿತು. ಆದರೂ ಈ ವಾದದ ಇತ್ಯರ್ಥಕ್ಕೆ ಕಾಯದೆ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. 1999ರಲ್ಲಿ ಸುಮಾರು 10 ಸಾವಿರ ಜನ ಮಡಿದಿದ್ದ ಅದೇ ರಾಜ್ಯದಲ್ಲಿ ಈ ಬಾರಿ ಸತ್ತವರ ಸಂಖ್ಯೆ 50ರ ಆಸುಪಾಸಿನಲ್ಲಿ ನಿಂತಿತು.

ಇಲಾಖೆಯು 72 ಗಂಟೆ ಮೊದಲು ಪೂರ್ವಸೂಚನೆಯನ್ನೂ, 48 ಗಂಟೆ ಮೊದಲು ಹಳದಿ, 24 ಗಂಟೆ ಮೊದಲು ಕಿತ್ತಳೆ, 12 ಗಂಟೆ ಮೊದಲು ಕೆಂಪು ಬಣ್ಣದ ಎಚ್ಚರಿಕೆಯನ್ನೂ ನೀಡುತ್ತದೆ. ಚಂಡಮಾರುತದ ಹಂತದಲ್ಲಿ ಪ್ರಕಟಣೆ ಮೂರು ಗಂಟೆಗೊಮ್ಮೆ ಹೊರಡುತ್ತದೆ. ಕೈಗೆ ಬಂದ ನಕ್ಷೆ ಯಾವ ದಿನ, ಯಾವ ಗಂಟೆಯದೆಂದು ಮೊದಲು ನೋಡಬೇಕು. ನಿನ್ನೆಯ ನಕ್ಷೆಯಲ್ಲಿ ಹೊರಗಿದ್ದ ಊರು ಇಂದಿನ ನಕ್ಷೆಯಲ್ಲಿ ಒಳಗಿರಬಹುದು.