ಜಿಡ್ಡಿನ ದಾರಿ ಕೆಟ್ಟರೆ

ಪ್ರಶ್ನೆ: ಜೀನ್ ಬದಲಿಸಿದ ಇಲಿಗಳು ಎಷ್ಟು ಕೊಬ್ಬು ತಿಂದರೂ ದಪ್ಪಗಾಗಲಿಲ್ಲ ಎಂದು ಓದಿದೆ. ಮನುಷ್ಯರಿಗೂ ಹಾಗಾದರೆ ಒಳ್ಳೆಯದಲ್ಲವೇ?
– ಓದುಗರೊಬ್ಬರು, ಚೆನ್ನೈ

ಖಂಡಿತ ಅಲ್ಲ. ಅನ್ನದ ಸಕ್ಕರೆ, ಬೇಳೆಯ ಪ್ರೋಟೀನು ಕರುಳಿನಿಂದ ರಕ್ತಕ್ಕಿಳಿದು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ತುಪ್ಪ, ಎಣ್ಣೆಯ ದಾರಿ ಬೇರೆ. ಜೀರ್ಣವಾದ ಕೊಬ್ಬನ್ನು ಕರುಳಿನ ಜೀವಕೋಶಗಳು ಹೀರಿಕೊಂಡು ಕೈಲೋಮೈಕ್ರಾನ್ ಎಂಬ ಕಣಗಳಾಗಿ ಕಟ್ಟುತ್ತವೆ. ಇವು ರಕ್ತದ ಲೋಮನಾಳದೊಳಗೆ ನುಗ್ಗಲಾರದಷ್ಟು ದಪ್ಪ. ಹಾಗಾಗಿ ದುಗ್ಧರಸ ನಾಳ ಹಿಡಿದು ಎದೆಯೊಳಗೆ ಮೇಲೇರಿ, ಕತ್ತಿನ ಎಡಬುಡದಲ್ಲಿ ರಕ್ತ ಸೇರುತ್ತವೆ.

ಗುಂಡಿ ಹಾಕಿದ ಅಂಗಿಯಲ್ಲಿರುವಂತೆ ಆ ನಾಳದ ಗೋಡೆಯಲ್ಲಿ ಸಂದುಗಳಿವೆ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಇಲಿಗಳ ನಾಳಗಳಲ್ಲಿ ಎರಡು ಜೀನ್‌ಗಳನ್ನು ತೆಗೆದಾಗ ಆ ಸಂದುಗಳು ಜಿಪ್ ಎಳೆದಂತೆ ಮುಚ್ಚಿಕೊಂಡವು. ಕೊಬ್ಬು ಒಳಗೆ ಹೋಗಲಿಲ್ಲ, ಇಲಿ ದಪ್ಪಗಾಗಲಿಲ್ಲ. ನೀವು ಓದಿದ್ದು ಬಹುಶಃ ಇದನ್ನೇ. ಆದರೆ 2005ರಲ್ಲೇ ಇದರ ಇನ್ನೊಂದು ಮುಖ ಕಂಡಿತ್ತು: ಪ್ರಾಕ್ಸ್1 ಜೀನಿನ ಒಂದು ಪ್ರತಿ ಇಲ್ಲದ ಇಲಿಗಳಲ್ಲಿ ದುಗ್ಧರಸ ಸೋರಿ, ಬೆಳೆದ ಮೇಲೆ ಬೊಜ್ಜೇ ಬಂತು.

ಮನುಷ್ಯರಲ್ಲಿ ಈ ದಾರಿ ಕೆಟ್ಟರೆ ಏನಾಗುತ್ತದೆಂದು ಮದರಾಸಿನ ಹಳೆಯ ವೈದ್ಯರಿಗೆ ಗೊತ್ತು. ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಹರಡುವ ಆನೆಕಾಲು ರೋಗದ ಹುಳು ಬೀಡುಬಿಡುವುದು ಈ ನಾಳಗಳಲ್ಲೇ. ಕೆಲವರಲ್ಲಿ ವರ್ಷಗಳ ಮೇಲೆ ನಾಳ ಉಬ್ಬಿ, ಮೂತ್ರಪಿಂಡದ ಕಡೆಗೆ ಒಡೆಯುತ್ತದೆ. ಆಗ ಮೂತ್ರ ಹಾಲಿನಂತೆ ಬೆಳ್ಳಗೆ ಹೋಗುತ್ತದೆ. ಹಬ್ಬದೂಟ ಉಂಡ ಮೇಲೆ ಇನ್ನೂ ಬಿಳಿ. ಆ ಮೂತ್ರಕ್ಕೆ ಈಥರ್ ಹಾಕಿ ಕುಲುಕಿದರೆ ಕೊಬ್ಬು ಕರಗಿ ತಿಳಿಯಾಗುತ್ತದೆ. ಕೊಬ್ಬಿನ ಜೊತೆ ಪ್ರೋಟೀನೂ ಸೋರುವುದರಿಂದ ರೋಗಿ ಸೊರಗುತ್ತಾನೆ. ಎ, ಡಿ, ಇ, ಕೆ ವಿಟಮಿನ್‌ಗಳಿಗೂ ಇದೇ ದಾರಿ ಎಂಬುದನ್ನು ಮರೆಯಬಾರದು. ತೆಳ್ಳಗಾಗಲು ಇಷ್ಟು ಬೆಲೆ ತೆರಬೇಕೇ?

ಈ ಹುಳುವಿಗೆ ಇಂದಿಗೂ ಕೊಡುವ ಡಿಇಸಿ ಮಾತ್ರೆ ಬಂದದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ ನಿಮ್ಮೂರಿನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಅವರ ಹೆಸರು ಇನ್ನೂ ಹೆಚ್ಚು ಜನರ ಬಾಯಲ್ಲಿ ಇರಬೇಕಿತ್ತು ಎಂದು ನನಗನಿಸುತ್ತದೆ.

ಮಾತ್ರೆ ಹುಳುವನ್ನು ಹತ್ತಿಕ್ಕುತ್ತದೆ, ಒಡೆದ ನಾಳವನ್ನು ಹೊಲಿಯುವುದಿಲ್ಲ. ಅದಕ್ಕೇ ವೈದ್ಯರು ಜಿಡ್ಡು ಬಿಡಿಸಿ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) ಎಣ್ಣೆ ಕೊಡುತ್ತಾರೆ. ಅದರ ಕೊಬ್ಬು ದುಗ್ಧರಸದ ಗೊಡವೆಯಿಲ್ಲದೆ ನೇರ ಯಕೃತ್ತಿಗೆ ಹೋಗುತ್ತದೆ. ಅಡುಗೆಮನೆಯ ತೆಂಗಿನೆಣ್ಣೆ ಇದಕ್ಕೆ ಬದಲಿಯಲ್ಲ. ಅದರಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಬಹುಪಾಲು ಹಿಡಿಯುವುದು ಮತ್ತೆ ದುಗ್ಧರಸದ ದಾರಿಯನ್ನೇ.