ಹೊಕ್ಕುಳ ಕೊಳವೆಯ ತುದಿ ಎಲ್ಲಿರಬೇಕು?

ನಾನು ನಿವೃತ್ತ ದಾದಿ. ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡುತ್ತೇನೆ. ಸಯನ್‌ನ ಹೋಟೆಲ್ ಕಾರ್ಮಿಕರೊಬ್ಬರು ಬಿಲ್ಲು ಹಿಡಿದು ಕೇಳಿದರು: "ಮಗುವಿಗೆ ಎರಡನೇ ಎಕ್ಸ್-ರೇ ಬೇಡವೆನ್ನಲೇ?"

ಬೇಡವೆನ್ನಬೇಡಿ. ಹುಟ್ಟಿದ ಮೊದಲ ದಿನಗಳಲ್ಲಿ ಹೊಕ್ಕುಳಿನ ರಕ್ತನಾಳ ತೆರೆದಿರುತ್ತದೆ. ತೀವ್ರ ಅಸ್ವಸ್ಥ ಶಿಶುವಿಗೆ ಅದರ ಮೂಲಕ ತೆಳು ಕೊಳವೆ ಹಾಕಿ ಔಷಧಿ, ಪೋಷಕ ದ್ರವ ಕೊಡುತ್ತಾರೆ. ಅದರ ತುದಿ ವಪೆಗಿಂತ ತುಸು ಮೇಲೆ, ಕೆಳಗಿನ ಮಹಾಸಿರೆಯು ಹೃದಯದ ಬಲ ಮೇಲ್ಗೂಡನ್ನು ಸೇರುವಲ್ಲಿ ನಿಲ್ಲಬೇಕು. ಕೆಳಗುಳಿದರೆ ಯಕೃತ್ತಿಗೆ ಹಾನಿಯಾಗಬಹುದು. ಹೃದಯದೊಳಕ್ಕೆ ಹೋದರೆ ಅದರ ಸುತ್ತ ದ್ರವ ತುಂಬಿ ಪ್ರಾಣಕ್ಕೇ ಅಪಾಯ. ಸರಿಯಾಗಿ ಕೂತ ಕೊಳವೆಯೂ ಆಮೇಲೆ ಸರಿಯಬಹುದು. ಆದ್ದರಿಂದ ಮರುಪರೀಕ್ಷೆ ದುಂದಲ್ಲ. "ತುದಿ ಈಗ ಎಲ್ಲಿದೆ?" ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ.

ಆ ಖರ್ಚನ್ನು ಸಂಘದ ನಿಧಿ ಭರಿಸಿತು. ಇಂಥ ತಂದೆತಾಯಿಯರಿಗಾಗಿ ಕೈಲಾದಷ್ಟು ನೀಡಿರೆಂದು ವಿನಂತಿ.